ರಾಟೆಮನೆಯ ಕಟ್ಟಳೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಾರು ಹೊಸೆಯುತ್ತ ಜಗಲಿಯಲ್ಲಿ ಕುಳಿತಿದ್ದ ಒಬ್ಬ ಅಜ್ಜಿ. ಆಮೇಲೆ ಇದನ್ನೇ ಒಬ್ಬ ಎಮ್ಮೆ ವ್ಯಾಪಾರಿಯೂ ಒಬ್ಬ ನಿವೃತ್ತ ಕಾಂಪೌಂಡರೂ ಬೇರೆ ಬೇರೆ ಕಡೆ ಹೇಳಿದರು. ಮೂವರೂ ಊರಿನ ಹೆಸರು ಹೇಳಲಿಲ್ಲ. ಒತ್ತಾಯಿಸಿ ಕೇಳಿದರೆ, “ಹಗ್ಗದ ಬಂಡಿ ಇರೋ ಊರು ಅಂತ ಬರ್ಕೊಳ್ಳಿ, ಸಾಕು” ಎಂದರು. ಮೂವರ ಮಾತು ಬೇರೆಯಾಗುವ ಕಡೆ ನಾನು ಅಜ್ಜಿಯ ಪಾಠವನ್ನೇ ಹಿಡಿದಿದ್ದೇನೆ. ಉಳಿದಿಬ್ಬರು ಕಥೆಯನ್ನು ಕೇಳಿದ್ದರು. ಅಜ್ಜಿ ಅದನ್ನು ತಮ್ಮ ಮನೆಯ ಸಂಗತಿಯೆಂಬಂತೆ ಬಲ್ಲವರಾಗಿದ್ದರು.

ಆ ಊರನ್ನು ಆಳವಾದ ಒಂದು ಕಮರಿ ಎರಡು ಹೋಳು ಮಾಡಿತ್ತು. ಪಡುವಣ ಕೇರಿಯಿಂದ ಮೂಡಣ ಕೇರಿಗೆ ಹೋಗಬೇಕಾದರೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಇಳಿದು, ತಳದ ತೊರೆಯನ್ನು ದಾಟಿ, ಮತ್ತೆ ಹತ್ತಬೇಕು. ಬೆಳಿಗ್ಗೆ ಹೊರಟವರು ಊಟದ ಹೊತ್ತಿಗೆ ಮುಟ್ಟಿದರೆ ಪುಣ್ಯ. ಇಲ್ಲವೆಂದರೆ ಹಗ್ಗದ ಬಂಡಿ ಇತ್ತು. ಎರಡು ದಡಗಳ ನಡುವೆ ಬಿಗಿದ ದಪ್ಪ ಹಗ್ಗಕ್ಕೆ ತೂಗುಬಿಟ್ಟ ಮರದ ದೊಡ್ಡ ತೊಟ್ಟಿ ಅದು. ಒಳಗೆ ಸುತ್ತಲೂ ಕೂರುವ ಹಲಗೆ, ನಡುವೆ ನಿಲ್ಲುವ ಜಾಗ. ಪಡುವಣ ದಡದ ರಾಟೆಮನೆಯಲ್ಲಿ ಆಳುಗಳು ರಾಟೆಯ ಹಿಡಿಗಳಿಗೆ ಎದೆ ಕೊಟ್ಟು ತಿರುಗಿಸಿದರೆ, ಎಲೆ ಅಡಿಕೆ ಹಾಕಿಕೊಂಡು ಅಗಿದು ಮುಗಿಸುವುದರೊಳಗೆ ಬಂಡಿ ಆಚೆ ದಡದಲ್ಲಿರುತ್ತಿತ್ತು.

ಆದರೆ ಬಂಡಿಯೊಳಗೆ ಯಾರಾದರೂ ಅವಮಾನ ನುಂಗಿಕೊಂಡು ಕುಳಿತಿದ್ದರೆ ಅದು ಹೊರಡುತ್ತಿರಲಿಲ್ಲ. ಹಗ್ಗ ಬಿಗಿಯುತ್ತಿತ್ತು, ರಾಟೆ ನರಳುತ್ತಿತ್ತು, ಬಂಡಿ ಮಾತ್ರ ದಡಕ್ಕೆ ಹೂತಂತೆ ನಿಂತಿರುತ್ತಿತ್ತು. ಊರಿನವರು ಇದನ್ನು ಬಿಸಿಲು ಮಳೆಗಳಂತೆ ಒಪ್ಪಿಕೊಂಡಿದ್ದರು. ಬೀಗರ ಮನೆಗೆ ಹೊರಟವರು ಹಿಂದಿನ ದಿನವೇ ಅತ್ತೆ ಸೊಸೆಯರ ವ್ಯಾಜ್ಯ ತೀರಿಸಿಕೊಳ್ಳುತ್ತಿದ್ದರು. ಗಂಡ ಹೆಂಡಿರ ಜಗಳ ದಾರಿಯಲ್ಲಿ ಶುರುವಾದರೆ, “ತಡ್ಕೊ, ಆ ದಡ ಮುಟ್ಲಿ, ತೋರಿಸ್ತೀನಿ” ಎಂದು ಒಬ್ಬರಿಗೊಬ್ಬರು ವಾಯಿದೆ ಕೊಟ್ಟು ನಗುನಗುತ್ತ ಹತ್ತುತ್ತಿದ್ದರು. ಎಷ್ಟೋ ಜಗಳಗಳು ಆ ದಡ ಮುಟ್ಟುವುದರೊಳಗೆ ಮರೆತುಹೋಗುತ್ತಿದ್ದವಂತೆ.

ರಾಟೆಮನೆಯ ಆಳುಗಳಿಗೆ ಕಟ್ಟುನಿಟ್ಟಾದ ನಡವಳಿಕೆಯಿತ್ತು. ಬಂದವರು ಯಾರೇ ಆಗಲಿ ಮೊದಲು ‘ಬನ್ನಿ’ ಎನ್ನಬೇಕು. ಕುಂಟನನ್ನು ಕುಂಟನೆಂದು, ಬಂಜೆಯನ್ನು ಬಂಜೆಯೆಂದು ಗುರುತು ಹಿಡಿದು ಕರೆಯಬಾರದು. ತಡವಾಗಿ ಓಡಿಬಂದವರ ಏದುಸಿರು ನೋಡಿ ಹಲ್ಲು ಕಿರಿಯಬಾರದು. ಈ ಕಟ್ಟಳೆ ಎಷ್ಟು ಹೆಸರಾಗಿತ್ತೆಂದರೆ ಔಷಧಿಮನೆಯವರೂ ಶಾಲೆಯವರೂ ಬಂದು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಕಟ್ಟಳೆಯ ಕೊನೆಯಲ್ಲಿ ಒಂದು ಪದ್ಧತಿಯೂ ಇತ್ತು. ಬಂಡಿ ಹೊರಡದೆ ನಿಂತಾಗ ರಾಟೆಮನೆಯ ಯಜಮಾನರು ಬಾಗಿಲಿಗೆ ಬಂದು, “ಯಾರ ಮನಸ್ಸು ಭಾರ?” ಎಂದು ಕೂಗಬೇಕು. ಮನಸ್ಸು ನೊಂದವರು ಎದ್ದು ನಿಲ್ಲಬೇಕು. ಅಲ್ಲೇ ನೋವು ಮರೆತರೆ ಸರಿ, ಇಲ್ಲವಾದರೆ ಇಳಿದುಬಿಡಬೇಕು. ಆಳುಗಳು ಅವರನ್ನು ಬಹಳ ಮರ್ಯಾದೆಯಿಂದಲೇ ಇಳಿಸಿ, ನೀರು ಕೊಟ್ಟು, ಮೆಟ್ಟಿಲ ದಾರಿ ತೋರಿಸುತ್ತಿದ್ದರು. ಬಂಡಿ ಹಗುರಾಗಿ ಹೊರಟುಹೋಗುತ್ತಿತ್ತು.

ದೇವೀರಮ್ಮ ರಾಟೆಮನೆಯ ಯಜಮಾನಿಯಾದದ್ದು ಹೀಗಿದ್ದ ಕಾಲದಲ್ಲಿ. ಹಗ್ಗಕ್ಕೆ ಹರಳೆಣ್ಣೆ ಸವರುವವರ ಮನೆತನದ ಹೆಂಗಸು. ಗಟ್ಟಿ ದನಿ, ಗಟ್ಟಿ ನಡೆ. ಯಜಮಾನಿ ಕೂರುವ ಜಾಗದ ಕಿಟಕಿಯಿಂದ ಮೆಟ್ಟಿಲುಗಳು ನೇರವಾಗಿ ಕಾಣುತ್ತಿದ್ದವು. ಕೂತಲ್ಲಿಂದ ನೋಡನೋಡುತ್ತ ಆಕೆಗೆ ಒಂದು ಸಂಗತಿ ಹೊಳೆಯಿತು. ಬಂಡಿ ದಿನವೂ ಬೇರೆ ಬೇರೆ ಮುಖಗಳನ್ನು ಹೊತ್ತು ಹೋಗುತ್ತಿತ್ತು. ಮೆಟ್ಟಿಲ ಮೇಲಿನ ಮುಖಗಳು ಮಾತ್ರ ಅವೇ: ಜವಳಿ ಶೆಟ್ಟರ ಮನೆಯ ಕೆಲಸದವಳು, ಉಗ್ಗುಮಾತಿನ ಸೊಪ್ಪಿನವನು, ಮದುವೆಯಾಗಿ ಬಂದ ಹೊಸ ಸೊಸೆಯರು, ಗುಡಿಸುವವರು, ಗಂಡ ಸತ್ತವರು.

ಒಂದು ಸಂಜೆ ರಾಟೆಗೆ ಎಣ್ಣೆ ಹಾಕುತ್ತಿದ್ದ ಹಿರಿಯ ಆಳು ಗವಿಯಪ್ಪನನ್ನು ಆಕೆ ಕೇಳಿದಳು.

“ಗವಿಯಪ್ಪಣ್ಣ, ಬೈದೋನು ಬಂಡೀಲಿ ಓಯ್ತಾನೆ. ಬೈಸ್ಕಂಡೋನು ಮೆಟ್ಲು ಇಳೀತಾನೆ. ಇದ್ಯಾವ ನ್ಯಾಯ?”

“ಇದು ನ್ಯಾಯದ ಮನೆ ಅಲ್ಲ ಕಣವ್ವ, ರಾಟೆಮನೆ. ಬಂಡಿ ಓಗ್ಬೇಕಲ್ಲ?”

“ಓಗ್ಬೇಕು. ಯಾರ್ನೂ ಇಳಿಸ್ದೆ ಓಗ್ಬೇಕು.”

“ಅಂಗಾದ್ರೆ ನಿನ್ ಯಜಮಾನಿಕೇಲಿ ಬಂಡೀಲಿ ಗುಬ್ಬಿ ಗೂಡು ಕಟ್ತವೆ ಬುಡು” ಎಂದು ಗವಿಯಪ್ಪ ಎಣ್ಣೆಯ ಕೈಯನ್ನು ತಲೆಗೇ ಒರೆಸಿಕೊಂಡ.

ದೇವೀರಮ್ಮ ಊರ ಸಭೆ ಸೇರಿಸಿದಳು. ಪದ್ಧತಿಯನ್ನು ತಿರುಗಿಸಬೇಕು ಎಂದಳು. ಇನ್ನು ಮುಂದೆ ನೊಂದವರನ್ನು ಇಳಿಸುವಂತಿಲ್ಲ, ಎಬ್ಬಿಸಿ ನಿಲ್ಲಿಸುವಂತಿಲ್ಲ, ‘ಮರೆತುಬಿಡು’ ಎಂದು ಕಾಡುವಂತಿಲ್ಲ. ಬಂಡಿ ನಿಂತರೆ ರಾಟೆಮನೆ ಕೇಳುವುದು ಒಂದೇ ಪ್ರಶ್ನೆ: “ನೋಯಿಸಿದವರು ಯಾರು?” ನೋಯಿಸಿದವರು ತಾವಾಗಿ ಎದ್ದು, ಆಡಿದ ಮಾತನ್ನು ಆಡಿದಂತೆಯೇ ಎಲ್ಲರೆದುರು ಇನ್ನೊಮ್ಮೆ ಆಡಿ, ಅದು ತನ್ನದೆಂದು ಒಪ್ಪಬೇಕು.

ಜವಳಿ ವ್ಯಾಪಾರದ ಚಿಕ್ಕಮಾದಶೆಟ್ಟರು ನಕ್ಕುಬಿಟ್ಟರು. “ಅಲ್ಲಮ್ಮ, ಕಳ್ಳನ್ನ ಹಿಡ್ಕೊಂಡು ನೀನು ಕಳ್ಳನಾ ಅಂತ ಕೇಳಿದ್ರೆ, ಹೌದು ಸ್ವಾಮಿ ಅಂತಾನಾ?”

“ಅನ್ನೋಗಂಟ ಬಂಡಿ ನಿಂತಿರ್ತದೆ ಶೆಟ್ರೆ. ನಿಮ್ ಪಕ್ಕದಲ್ಲಿ ಕುಂತಿರೋರ್ಗೆ ಹೊಟ್ಟೆ ಹಸೀತದೆ. ಅವ್ರೇ ಬಾಯಿ ಬಿಡಿಸ್ತಾರೆ.”

ಸಭೆಯಲ್ಲಿ ನಗೆ ಎದ್ದಿತು. ಶೆಟ್ಟರೂ ಸುಮ್ಮನಿರುವ ಗಿರಾಕಿಯಲ್ಲ. ಒಂದು ಷರತ್ತು ಹಾಕಿಸಿದರು. ಹೊಸ ಕಟ್ಟಳೆಯಿಂದಾಗಿ ಬಂಡಿ ಒಂದೇ ಒಂದು ದಿನ ಬೆಳಗಿನಿಂದ ಕತ್ತಲಾಗುವವರೆಗೆ ನಿಂತುಬಿಟ್ಟರೂ ಹಳೆಯ ಪದ್ಧತಿ ತಾನಾಗಿ ವಾಪಸು ಬರಬೇಕು, ಮತ್ತೆ ಅದರ ಮಾತೆತ್ತುವಂತಿಲ್ಲ. ದೇವೀರಮ್ಮ ಒಪ್ಪಿದಳು.

ಮೊದಮೊದಲು ಫಜೀತಿಯೋ ಫಜೀತಿ. ಒಂದು ಮದುವೆ ದಿಬ್ಬಣ ಬಂಡಿಯಲ್ಲೇ ಕೂತು ಬುತ್ತಿ ಬಿಚ್ಚಿ ಉಂಡಿತು. ಮುಹೂರ್ತ ಮೀರುತ್ತಿದೆಯೆಂದು ಕಡೆಗೆ ಮದುವಣಗಿತ್ತಿಯ ಸೋದರಮಾವನೇ ಎದ್ದು, ಓಲಗದವನಿಗೆ ತಾನು ಅಂದ ಮಾತನ್ನು ಬೆವರೊರೆಸಿಕೊಳ್ಳುತ್ತ ಅಂದ. ಇನ್ನೊಂದು ಸಲ ಶಾಲೆಯ ಮೇಷ್ಟ್ರು ತಾವು ಜವಾನನಿಗೆ ಕೊಟ್ಟ ಬಿರುದನ್ನು ಎಲ್ಲರೆದುರು ಉಚ್ಚರಿಸಬೇಕಾಗಿ ಬಂದು, ಆ ಮಾತು ತಮ್ಮ ಬಾಯಲ್ಲಿ ಇಷ್ಟು ಅಸಹ್ಯವಾಗಿ ಕೇಳುತ್ತದೆಂದು ತಮಗೇ ಗೊತ್ತಿರಲಿಲ್ಲ ಎಂದರಂತೆ. ಬರಬರುತ್ತ ಬಂಡಿ ನಿಲ್ಲುವುದು ಕಡಿಮೆಯಾಯಿತು. ಮೆಟ್ಟಿಲ ಬಿರುಕುಗಳಲ್ಲಿ ಗರಿಕೆ ಚಿಗುರಿತು. ಒಂದು ಮನೆ ತನ್ನ ನಡವಳಿಕೆಯನ್ನು ತಾನೇ ತಿದ್ದಿಕೊಳ್ಳುವುದಕ್ಕಿಂತ ಚೆಲುವಾದ ಕೆಲಸ ಲೋಕದಲ್ಲಿ ಹೆಚ್ಚಿಲ್ಲ. ಈ ಭಾಗವನ್ನು ಹೇಳುವಾಗ ಅಜ್ಜಿ ಹೊಸೆಯುತ್ತಿದ್ದ ನಾರನ್ನು ಕೆಳಗಿಟ್ಟೇ ಹೇಳಿದರು.

ದೇವೀರಮ್ಮನಿಗೆ ಒಬ್ಬಳೇ ಮಗಳು, ಹೊಂಬಾಳಮ್ಮ. ಮೂಡಣ ಕೇರಿಗೆ ಕೊಟ್ಟಿತ್ತು. ದಿನ ತುಂಬಿದ್ದ ಅವಳಿಗೆ ಒಂದು ಬೆಳಗಿನ ಜಾವ ನೋವು ಕಾಣಿಸಿಕೊಂಡಿತು. ಸೂರ್ಯ ಮೇಲೇರುವ ಹೊತ್ತಿಗೆ ಆಚೆ ದಡದಲ್ಲಿ ನೆಟ್ಟ ಬಿದಿರ ಗಳುವಿನ ಮೇಲೆ ಬಿಳಿಯ ಬಟ್ಟೆ ಏರಿತು. ಸೂಲಗಿತ್ತಿಯನ್ನು ಕಳಿಸಿ ಎಂಬ ಗುರುತು ಅದು. ಬಿಳಿ ಇಳಿದು ಕೆಂಪು ಏರಿದರೆ ಜೀವಕ್ಕೆ ಆಪತ್ತು ಎಂದರ್ಥ. ಎರಡೂ ಕೇರಿಗೆ ಸೂಲಗಿತ್ತಿ ಒಬ್ಬಳೇ, ಪಡುವಣ ಕೇರಿಯ ಅಂಚಿನ ಗುಡಿಸಲಿನ ಕೆಂಚವ್ವ. ಮಗು ಅಡ್ಡ ತಿರುಗಿದ್ದರೂ ಹೊಟ್ಟೆಯ ಮೇಲೆ ಕೈಯಾಡಿಸಿ ನೇರ ಮಾಡುವವಳು. ಮೆಟ್ಟಿಲು ಇಳಿದು ಹತ್ತುವ ವಯಸ್ಸು ಅವಳಿಗೆ ಎಂದೋ ಮೀರಿತ್ತು.

ಸುದ್ದಿ ಮುಟ್ಟಿದ್ದೇ ತಡ, ಕೆಂಚವ್ವ ತನ್ನ ಗಂಟು ಕಂಕುಳಲ್ಲಿ ಇರುಕಿಕೊಂಡು ಓಡಿಬಂದಳು. ಅಂದು ಸಂತೆ. ರಾಟೆಮನೆಯ ಅಂಗಳದಲ್ಲಿ ಮಡಿ ಬಟ್ಟೆಯುಟ್ಟವರ ಜಾತ್ರೆಯೇ ನೆರೆದಿತ್ತು. ದೇವೀರಮ್ಮ ಬಾಗಿಲಿಗೆ ಬಂದು, ಯಾವಾಗಲೂ ಕೂಗುವಂತೆ, ಆದರೆ ಮಗಳ ನೋವಿನ ಅವಸರ ಬೆರೆಸಿ ಕೂಗಿದಳು: “ಸರ್ಕಳಿ, ಸರ್ಕಳಿ! ಸೂಲಗಿತ್ತಿ ಬಂದ್ಲು! ಮೈ ತಾಕಿಸ್ಕಬ್ಯಾಡಿ, ದಾರಿ ಬುಡಿ!” ಜನ ಎರಡು ಪಾಲಾಗಿ ಸೀಳಿತು. ಕೆಂಚವ್ವ ನಡುವೆ ನಡೆದು ಬಂದು ಬಂಡಿ ಹತ್ತಿದಳು. ಅವಳ ಹಿಂದೆ ಸಂತೆಯವರೂ ಹತ್ತಿದರು. ಶೆಟ್ಟರೂ ಹತ್ತಿದರು.

ಗವಿಯಪ್ಪ ಮತ್ತು ಸಂಗಡಿಗರು ರಾಟೆಗೆ ಎದೆ ಕೊಟ್ಟರು. ಹಗ್ಗ ಬಿಗಿಯಿತು. ಬಂಡಿ ಕದಲಲಿಲ್ಲ.

ದೇವೀರಮ್ಮ ಆಚೆ ದಡದ ಬಿಳಿ ಬಟ್ಟೆಯತ್ತ ಒಮ್ಮೆ ನೋಡಿದಳು. ಆಮೇಲೆ ಕಟ್ಟಳೆಯಂತೆ ಕೇಳಿದಳು. “ನೋಯಿಸಿದವರು ಯಾರು?”

ಹೊತ್ತಿನ ಬೆಲೆ ಎಲ್ಲರಿಗೂ ಗೊತ್ತಿತ್ತು. ಯಾರೂ ಬಿಗುಮಾನ ಮಾಡಲಿಲ್ಲ. ಒಬ್ಬಾಕೆ ಎದ್ದು, “ನಾನು ಇವಳನ್ನ ಬಿಕನಾಸಿ ಅಂದೆ, ಬೇಲಿ ವಿಚಾರಕ್ಕೆ” ಎಂದಳು. ಬೈಸಿಕೊಂಡವಳು, “ಅಯ್ ಬುಡೆ, ನಾನೇನ್ ಕಮ್ಮಿ ಅಂದಿದ್ನಾ?” ಎಂದಳು. ಶೆಟ್ಟರು ಕೆಮ್ಮಿ, ಗುಮಾಸ್ತನಿಗೆ ಬೆಳಿಗ್ಗೆ ಅಂದದ್ದನ್ನು ಅಂದರು. ರಾಟೆ ನರಳಿತು, ಬಂಡಿ ಅಲ್ಲೇ ಇತ್ತು. ಇನ್ನಾರ ಬಾಯಲ್ಲೂ ಏನೂ ಉಳಿದಿರಲಿಲ್ಲ.

“ನಂಗಂತೂ ಏನೂ ಇಲ್ಲ ಕಣ್ರಪ್ಪ” ಎಂದು ಹಲಗೆಯ ಮೂಲೆಯಿಂದ ಕೆಂಚವ್ವ ಕೂಗಿದಳು. “ತಿರುಗ್ಸಿ, ತಿರುಗ್ಸಿ. ಅಲ್ಲಿ ಮಗೀಗೆ ಏನಾಯ್ತದೋ.”

ಯಾರೂ ಅವಳನ್ನು ಕೇಳಿರಲಿಲ್ಲ. ಕೇಳದೆ ಹೇಳಿದ ಮಾತಿಗೆ ಎಲ್ಲರ ಕಣ್ಣೂ ಅವಳತ್ತ ತಿರುಗಿದವು. ಶೆಟ್ಟರು ಕೈ ಜೋಡಿಸಿದರು. “ಏನಿದ್ರೂ ಹೊಟ್ಟೆಗೆ ಹಾಕ್ಕೊಳವ್ವ. ಎರಡು ಜೀವದ ಮಾತು. ಮನಸ್ಸು ಹಗುರ ಮಾಡ್ಕೊ ತಾಯಿ.” “ಹೂಂ ಕಣವ್ವ, ಮರ್ತುಬುಡು” ಎಂದು ಸುತ್ತಲೂ ದನಿಗಳೆದ್ದವು. ಕೆಂಚವ್ವ ಕಣ್ಣು ಮುಚ್ಚಿ, ಹಣೆ ಗಂಟಿಕ್ಕಿ, ಎದೆಯೊಳಗೆ ಕೈ ಹಾಕಿ ಹುಡುಕುವವಳಂತೆ ಕುಳಿತಳು. “ಮರೆಯಾಕೆ ನಂಗೆ ನೆಪ್ಪೇ ಇಲ್ವಲ್ರಪ್ಪ ಏನೂ!” ಎಂದಳು.

ಆಚೆ ದಡದ ಗಳುವಿನ ಮೇಲೆ ಬಿಳಿ ಇಳಿಯಿತು. ಕೆಂಪು ಏರಿತು.

ಗವಿಯಪ್ಪ ಹಿಡಿಗೆ ಎದೆಯೊತ್ತಿಕೊಂಡೇ ಪಿಸುಗುಟ್ಟಿದ. “ನೀನೇ ಕೇಳ್ಬುಡವ್ವ. ಕಾಲಿಡ್ಕಂಡು ಕೇಳು. ಕಟ್ಲೆ ಅತ್ಲಾಗಿರ್ಲಿ. ನಿನ್ ಮಗಳು ಕಣೆ ಅದು.”

‘ದಮ್ಮಯ್ಯ ಕೆಂಚವ್ವ’ ಎಂಬ ಮಾತು ದೇವೀರಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಆಡಲು ಆಕೆ ಬಂಡಿಯ ಬಾಗಿಲಿಗೆ ಹೋದಳು. ಹೋದವಳು ಒಳಗೆ ನೋಡಿದಳು. ಬಂಡಿ ಕಿಕ್ಕಿರಿದಿತ್ತು. ಜನ ಒಬ್ಬರ ಕಾಲ ಮೇಲೊಬ್ಬರು ನಿಂತಿದ್ದರು, ಕೂಸುಗಳನ್ನು ಹೆಗಲಿಗೇರಿಸಿದ್ದರು, ಬುಟ್ಟಿಗಳನ್ನು ತಲೆಯ ಮೇಲೇ ಹೊತ್ತಿದ್ದರು. ಕೆಂಚವ್ವನ ಎಡಕ್ಕೆ ಮಾತ್ರ ಹಲಗೆ ಖಾಲಿ, ಬಲಕ್ಕೆ ಖಾಲಿ. ಅಷ್ಟು ಜಾಗವಿದ್ದರೂ ಅವಳು ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಸೆರಗಿನ ತುದಿಯನ್ನು ಮಡಿಲಲ್ಲಿ ಸಿಕ್ಕಿಸಿ, ಯಾರಿಗೂ ತಗುಲದಂತೆ ಮುದುಡಿ ಕೂತಿದ್ದಳು. ಹಾಗೆ ಕೂರುವುದು ಅವಳಿಗೆ ಉಸಿರಾಟದಷ್ಟು ರೂಢಿಯಾಗಿತ್ತು.

ದೇವೀರಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ನಾಲಿಗೆಯ ಮೇಲಿದ್ದ ಮಾತನ್ನು ನುಂಗಿದಳು.

“ನಾನು” ಎಂದಳು. ಯಾರಿಗೂ ಅರ್ಥವಾಗಲಿಲ್ಲ. “ನೋಯಿಸ್ದೋಳು ನಾನು. ‘ಸೂಲಗಿತ್ತಿ ಬಂದ್ಲು, ಮೈ ತಾಕಿಸ್ಕಬ್ಯಾಡಿ’ ಅಂದೆ. ರಾಟೆಮನೆ ಬಾಗ್ಲಲ್ಲಿ ನಿಂತ್ಕಂಡು, ಊರ್ಗೆಲ್ಲ ಕೇಳೋ ಅಂಗೆ ಅಂದೆ. ನನ್ ಮಗಳ ಹೊಟ್ಟೆ ಮುಟ್ಟು ಬಾ ಅಂತ ಕರೆದೋಳ್ನ, ಮುಟ್ಟಬ್ಯಾಡಿ ಅಂತ ಸಾರ್ದೆ.”

ಕೆಂಚವ್ವ ಕಣ್ಣು ತೆರೆದು ನೋಡಿದಳು. “ಅಯ್ಯೋ, ಅದಾ? ಅದು ನಮ್ಮವ್ವನ ಕಾಲ್ದಿಂದ್ಲೂ ಅನ್ನೋದೇ ತಾನೆ. ನಂಗೆ ಕಿವಿಗೇ ಬೀಳಾಕಿಲ್ಲ ಅದು” ಎಂದಳು. ಹೇಳುತ್ತ ಹೇಳುತ್ತಲೇ ಅವಳ ಕೆಳದುಟಿ ಅದುರಿತು. ಅದು ಯಾಕೆ ಅದುರುತ್ತಿದೆಯೆಂದು ತಿಳಿಯದವಳಂತೆ ಅದನ್ನು ಬೆರಳಿನಿಂದ ಹಿಡಿದುಕೊಂಡಳು.

ಎಮ್ಮೆ ವ್ಯಾಪಾರಿ ಈ ಘಟ್ಟದಲ್ಲಿ ಬಂಡಿಯನ್ನು ಹೊರಡಿಸಿಬಿಡುತ್ತಾನೆ. ಅಜ್ಜಿ ಒಪ್ಪಲಿಲ್ಲ. ಯಜಮಾನಿ ಒಬ್ಬಳ ಮಾತಿಗೆ ಹಗ್ಗ ಕಿರ್ ಎಂದಿತು, ಅಷ್ಟೆ ಎಂದರು. ಅಷ್ಟು ಕಾಲ ಇದೇ ಕೂಗಿಗೆ ನಿಲ್ಲದ ಬಂಡಿ ಅಂದು ಯಾಕೆ ನಿಂತಿತು ಎಂದು ಕೇಳಿದ್ದಕ್ಕೆ, “ಕೆಂಚವ್ವನ ಹಾಗೆ ಬಂಡಿಗೂ ಅದು ರೂಢಿಯಾಗಿತ್ತು, ಕಟ್ಟಳೆ ಬದಲಾದ್ಮೇಲೆ ಮೆಲ್ಲಗೆ ಅದರ ಕಿವಿ ತೆರೀತು” ಎಂದರು.

ಬೇಲಿಯ ವಿಚಾರಕ್ಕೆ ಬೈದಿದ್ದ ಹೆಂಗಸು ತಲೆಯ ಬುಟ್ಟಿ ಇಳಿಸಿದಳು. “ಯಜಮಾನಿ ಬರೀ ಅಂದ್ಲು. ಸರಿದೋಳು ನಾನು. ಸೆರಗು ಎಳ್ಕಂಡೆ.” ಪಕ್ಕದವಳು, “ನಾನೂ ಎಳ್ಕಂಡೆ” ಎಂದಳು. “ನಾನು ಕೂಸಿನ ಕೈ ಹಿಂದಕ್ಕೆ ಎಳೆದೆ.” “ನಾನು ಆ ಕಡೆ ಮುಖ ಮಾಡ್ಕಂಡೆ.” ಒಬ್ಬೊಬ್ಬರು ಅನ್ನುತ್ತ ಹೋದಂತೆ ಹಗ್ಗ ಒಂದೊಂದು ಎಳೆಯಾಗಿ ಬಿಗಿ ಸಡಿಲಿಸುವಂತೆ ಸದ್ದು ಮಾಡಿತು. ಕೊನೆಗೆ ಶೆಟ್ಟರು ನೆಲ ನೋಡುತ್ತ, “ಮಂಡಿ ನೋವು ನನಗೆ. ಕೂರೋಕೆ ಜಾಗ ಇತ್ತು. ಆದ್ರೂ ನಿಂತೆ” ಎಂದರು. ಎಂದು, ನಾಲ್ಕು ಜನ ದಾರಿ ಬಿಡುವುದನ್ನೂ ಕಾಯದೆ ಹೋಗಿ ಕೆಂಚವ್ವನ ಎಡಕ್ಕೆ ಕೂತರು.

ಇನ್ನೂ ಬಂಡಿ ಹೊರಡಲಿಲ್ಲ.

ಆಗ ಗವಿಯಪ್ಪ ರಾಟೆಯ ಹಿಡಿ ಬಿಟ್ಟು ಈಚೆ ಬಂದ. ಹತ್ತುವವರಿಗೆ ಕೈ ಕೊಟ್ಟು ಒಳಗೆ ಎಳೆದುಕೊಳ್ಳುವುದು ಅವನ ಕೆಲಸವಾಗಿತ್ತು. “ಮುದುಕ್ರು, ಮಕ್ಳು, ಎಲ್ರುನ್ನೂ ಕೈ ಹಿಡ್ದು ಹತ್ತಿಸ್ತೀನಿ ನಾನು” ಎಂದ. “ಕೆಂಚವ್ವಂಗೆ ಕೋಲು ಚಾಚ್ತೀನಿ. ಇವತ್ತೂ ಕೋಲೇ ಚಾಚ್ದೆ. ನನ್ನ ಹೆಂಡ್ತೀಗೆ ಹೆರಿಗೆ ಮಾಡ್ಸಿದ್ದೂ ಇವ್ಳೇಯ.” ಅವನ ಗಡ್ಡ ಒದ್ದೆಯಾಗಿತ್ತು. ಅವನಿನ್ನೂ ದಡದಲ್ಲಿ ನಿಂತಿರುವಾಗಲೇ ಹಿಂದೆ ಉಳಿದ ಆಳುಗಳ ಕೈಯಲ್ಲಿ ರಾಟೆ ತಾನಾಗಿ ತಿರುಗಿತು. ಬಂಡಿ ದಡ ಬಿಟ್ಟಿತು.

ದೇವೀರಮ್ಮ ಹೋಗಲಿಲ್ಲ. ಸಂತೆಯ ಜನವೆಲ್ಲ ದಾಟುವ ತನಕ ಯಜಮಾನಿ ರಾಟೆಮನೆ ಬಿಡುವಂತಿರಲಿಲ್ಲ. ಕಮರಿಯ ಅಂಚಿನಲ್ಲಿ ನಿಂತು ಕೆಂಪು ಬಟ್ಟೆಯನ್ನೇ ನೋಡಿದಳು. ಬಿಸಿಲು ನೆತ್ತಿಗೆ ಬಂತು. ಗವಿಯಪ್ಪ ನೀರು ತಂದುಕೊಟ್ಟ, ಕುಡಿಯಲಿಲ್ಲ. ಕೆಂಪು ಇಳಿಯಿತು. ಬರಿಯ ಗಳು ಆಕಾಶಕ್ಕೆ ಚುಚ್ಚಿಕೊಂಡು ನಿಂತಿತ್ತು. ಆಮೇಲೆ ಯಾರೋ ಕೈಗೆ ಸಿಕ್ಕ ಹಳದಿ ರವಿಕೆಯೊಂದನ್ನು ಅದಕ್ಕೆ ಸಿಕ್ಕಿಸಿ ಏರಿಸಿದರು. ತಾಯಿಯೂ ಕೂಸೂ ಕ್ಷೇಮ ಎಂದಾದರೆ ಹಳದಿ. ದೇವೀರಮ್ಮ ಅಲ್ಲೇ ಕುಕ್ಕರಿಸಿ ಕೂತಳು. ಏಳಲು ಗವಿಯಪ್ಪನೇ ಕೈ ಕೊಡಬೇಕಾಯಿತು.

ಮಾರನೆಯ ದಿನದ ಸಭೆಯಲ್ಲಿ ಕಟ್ಟಳೆಗೆ ಒಂದು ಮಾತು ಸೇರಿತು. ಬಂಡಿ ನಿಂತಾಗ ‘ನೋಯಿಸಿದವರು ಯಾರು’ ಎಂಬ ಪ್ರಶ್ನೆಗೆ ಮೊದಲು ಉತ್ತರಿಸಬೇಕಾದವರು ರಾಟೆಮನೆಯವರು, ಅವರಲ್ಲೂ ಮೊದಲು ಯಜಮಾನರು. ಅದನ್ನು ಸಭೆಯ ಮುಂದೆ ಇಟ್ಟವರು ಶೆಟ್ಟರೇ. ಔಷಧಿಮನೆಯೂ ಶಾಲೆಯೂ ಈ ಮಾತನ್ನು ಕೂಡಲೇ ಒಯ್ದವೆಂದು ಕಾಂಪೌಂಡರು ಹೇಳಿದರು. ಅಜ್ಜಿ, “ಕೂಡ್ಲೇ ಏನಿಲ್ಲ, ಸ್ವಲ್ಪ ಗುದ್ದಾಡಿದ್ರು” ಎಂದು ತಿದ್ದಿದರು.

ಆದರೆ ಅಜ್ಜಿಗೆ ಪ್ರಿಯವಾದದ್ದು ಸಭೆಯ ಮಾತಲ್ಲ, ಹೆರಿಗೆಯಾದ ದಿನದ ಸಂಜೆಯ ಮಾತು. ದೇವೀರಮ್ಮ ಮಧ್ಯಾಹ್ನದ ಬಂಡಿಯಲ್ಲಿ ದಾಟಿ, ಮಗಳನ್ನೂ ಮೊಮ್ಮಗಳನ್ನೂ ಕಣ್ಣು ತುಂಬ ನೋಡಿ, ಸಂಜೆ ಕೆಂಚವ್ವನ ಜೊತೆ ಮರಳಿ ಬಂಡಿ ಹತ್ತಿದಳು. ಸಂತೆ ಮುಗಿಸಿದ ಜನ ನುಗ್ಗಿತು. ಬೆಳಗಿನ ಸುದ್ದಿ ಎರಡೂ ಕೇರಿಗೆ ಹಬ್ಬಿದ್ದರಿಂದ ಕೆಂಚವ್ವನನ್ನು ಕಂಡವರೆಲ್ಲ ‘ಬನ್ನಿ ತಾಯಿ’, ‘ಕೂತ್ಕೊಳ್ಳಿ ತಾಯಿ’ ಎಂದು ಗಾಜಿನ ಬಳೆಯನ್ನು ಮುಟ್ಟುವಂತೆ ಮುಟ್ಟುತ್ತಿದ್ದರು. ಕೆಂಚವ್ವ ಆ ಮರ್ಯಾದೆಯ ನಡುವೆ ಬೆಳಿಗ್ಗೆಗಿಂತ ಹೆಚ್ಚು ಮುದುಡಿ ಕೂತಿದ್ದಳು.

ಬಂಡಿ ಹೊರಡುವ ಹೊತ್ತಿಗೆ, ಮಾರಿ ಉಳಿದ ಬದನೆಕಾಯಿಯ ಬುಟ್ಟಿ ಹೊತ್ತ ಒಬ್ಬ ದಪ್ಪ ಹೆಂಗಸು ದಬದಬ ಓಡಿಬಂದು ಒಳಗೆ ತೂರಿದಳು. ಅವಳಿಗೆ ಯಾವ ಸುದ್ದಿಯೂ ಮುಟ್ಟಿರಲಿಲ್ಲ. ಇಡೀ ದಿನ ಬದನೆಕಾಯಿ ಮಾರಿದ್ದಳು. ಹಲಗೆಯ ಮೇಲೆ ಕೆಂಚವ್ವನ ಪಕ್ಕದಲ್ಲಿ ಒಂದಿಷ್ಟು ಜಾಗ ಕಂಡು, “ಅಯ್, ಸರ್ಕಳವ್ವ ಅತ್ಲಾಗೆ! ಇದೇನ್ ನಿಮ್ಮಪ್ಪನ್ ಬಂಡಿನಾ, ಇಷ್ಟಗಲ ಕುಂತಿದೀಯ?” ಎಂದಳು.

ಶೆಟ್ಟರ ಗುಮಾಸ್ತ ಬಾಯಿಗೆ ಕೈ ಹಚ್ಚಿದ. ದೇವೀರಮ್ಮ ಹಗ್ಗದತ್ತ ಕಣ್ಣೆತ್ತಿದಳು.

“ನಮ್ಮಪ್ಪಂದೇ ಕಣೆ” ಎಂದಳು ಕೆಂಚವ್ವ. “ನಿಮ್ಮಪ್ಪ ಹಗ್ಗ ತಂದುಕೊಡ್ತೀನಿ ಅಂದಿದ್ದ, ಇನ್ನೂ ಬಂದಿಲ್ಲ ಮುಂಡೇದು!”

ಬದನೆಕಾಯಿಯವಳು ಹೊಟ್ಟೆ ಕುಲುಕಿಸಿ ನಕ್ಕು, ಧೊಪ್ಪೆಂದು ಕೂತು, ತೊಡೆಗೆ ತೊಡೆ ಒತ್ತಿ, ಅರ್ಧ ಬುಟ್ಟಿಯನ್ನು ಕೆಂಚವ್ವನ ಮಡಿಲಿಗೇ ಏರಿಸಿದಳು. ಬಂಡಿ ಒಂದು ಚೂರೂ ತಡೆಯದೆ ಗಾಳಿಗೆ ಇಳಿಯಿತು. ಕೆಂಚವ್ವ ಒಂದು ಬದನೆಕಾಯಿ ಎತ್ತಿ, ಬೆಳಕಿಗೆ ಹಿಡಿದು, ಹುಳುಕಿದೆಯೇನೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.